ಐದು ಬಟ್ಟಲಿನ ಕಾರ್ಡು: ಚಿತ್ರವನ್ನು ಪೂರ್ತಿಯಾಗಿ ಮುದ್ರಿಸಿ

ಮಾನ್ಯರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬರುವ, ಚಿತ್ರದ ಎಲೆಗಳನ್ನು ನೋಡಿ ಭವಿಷ್ಯ ಹೇಳುವ ಟ್ಯಾರೋ ಅಂಕಣವು ಕಳೆದ ವಾರ ‘ಐದು ಬಟ್ಟಲು’ ಎಂಬ ಕಾರ್ಡನ್ನು ಅಶುಭವೆಂದು ಸಾರಿ, ಅದು ಬಂದವರು ಹಣಕಾಸಿನ ವ್ಯವಹಾರ ಮುಂದೂಡಬೇಕೆಂದೂ ಪರಿಹಾರ ಮಾಡಿಸಿಕೊಳ್ಳಬೇಕೆಂದೂ ಸಲಹೆ ನೀಡಿತ್ತು. ಜೊತೆಗೆ ಅಚ್ಚಾದ ಚಿತ್ರವನ್ನು ಅಂಕಣದ ಅಗಲಕ್ಕೆ ಹೊಂದಿಸಲು ಬಲಬದಿಯಲ್ಲಿ ಕತ್ತರಿಸಿದ್ದರಿಂದ, ಕಪ್ಪು ನಿಲುವಂಗಿಯ ವ್ಯಕ್ತಿಯೊಬ್ಬ ಹಾಗೂ ಅವನೆದುರು ಉರುಳಿಬಿದ್ದ ಮೂರು ಬಟ್ಟಲುಗಳಷ್ಟೇ ಓದುಗರಿಗೆ ಕಂಡವು. ಪೂರ್ಣ ಚಿತ್ರದಲ್ಲಿ ಆ ವ್ಯಕ್ತಿಯ ಹಿಂದೆ ಇನ್ನೆರಡು ಬಟ್ಟಲುಗಳು ನೆಟ್ಟಗೆ ನಿಂತಿವೆ. ದೂರದಲ್ಲಿ ಒಂದು ಹೊಳೆ, ಅದಕ್ಕೊಂದು ಸೇತುವೆ, ಆಚೆ ಒಂದು ಸಣ್ಣ ಕೋಟೆ ಇವೆ. ಭವಿಷ್ಯ ಹೇಳುವ ವಿದ್ಯೆಯಲ್ಲಿ ನನಗೆ ನಂಬಿಕೆಯಿಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದ ನಾನು ಚಿತ್ರದ ಪರವಾಗಿ ಮಾತ್ರ ಬರೆಯುತ್ತಿದ್ದೇನೆ.

ಟ್ಯಾರೋ ಮೂಲತಃ 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದ ಎಲೆಯಾಟ. ಅದಕ್ಕೆ ಶಾಸ್ತ್ರದ ವೇಷ ಬಂದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಒಟ್ಟು 78 ಎಲೆಗಳಲ್ಲಿ 22 ಮೇಜರ್ ಅರ್ಕಾನಾ ಎಂಬ ಹಿರಿಯ ಗುಂಪಿನವು, ಉಳಿದ 56 ಮೈನರ್ ಅರ್ಕಾನಾ ಎಂಬ ಕಿರಿಯ ಗುಂಪಿನವು. ಈ ಕಿರಿಯ ಗುಂಪಿನ ದಂಡ, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಬಗೆಗಳಲ್ಲಿ ಬಟ್ಟಲು ಮನಸ್ಸಿನ ಭಾವಗಳಿಗೆ ಸಂಬಂಧಿಸಿದ್ದು, ನಮ್ಮ ಇಸ್ಪೀಟಿನ ಆಟೀನಿಗೆ ಸಮನಾದದ್ದು. ಸೋಲಾ ಬುಸ್ಕಾದಂಥ ಅಪರೂಪದ ಹಳೆಯ ಎಲೆಕಟ್ಟುಗಳನ್ನು ಬಿಟ್ಟರೆ, ಮೈನರ್ ಅರ್ಕಾನಾದ ಅಂಕಿಯ ಎಲೆಗಳಲ್ಲಿ ಬಹುಕಾಲ ಕಥೆಯೇ ಇರಲಿಲ್ಲ. ಐದು ಬಟ್ಟಲೆಂದರೆ ಜೋಡಿಸಿಟ್ಟ ಐದು ಬಟ್ಟಲು, ಅಷ್ಟೇ. ಅವಕ್ಕೆ ಮನುಷ್ಯರನ್ನೂ ಸನ್ನಿವೇಶವನ್ನೂ ತಂದ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಕಟ್ಟನ್ನು ರೂಪಿಸಿ ಅದರ ಅರ್ಥಗಳನ್ನು ಬರೆದ ಎ. ಇ. ವೇಟ್ ಅವರ ಕೋರಿಕೆಯ ಮೇರೆಗೆ ಚಿತ್ರಗಳನ್ನು ಬರೆದವರು ಕಲಾವಿದೆ ಪಮೆಲಾ ಕೋಲ್ಮನ್ ಸ್ಮಿತ್. ಕೆಲಸ ಮುಗಿದಾಗ, ದೊಡ್ಡ ಕೆಲಸಕ್ಕೆ ಬಹಳ ಕಡಿಮೆ ಹಣ ಸಿಕ್ಕಿತೆಂದು ಆಕೆ ಪತ್ರವೊಂದರಲ್ಲಿ ಬರೆದಿದ್ದರು. ತಮ್ಮ ಅಂಕಣದಲ್ಲೂ ಆಕೆಯ ಹೆಸರಿರಲಿಲ್ಲ.

ಸ್ಮಿತ್ ಅವರ ಜಾಣ್ಮೆ ಇರುವುದು ವಸ್ತುಗಳನ್ನು ಇಟ್ಟ ಜಾಗದಲ್ಲಿ. ನಡುವೆ ಎದ್ದುನಿಂತ ಕಪ್ಪು ಬಣ್ಣ ನೋಡುವವರ ಕಣ್ಣನ್ನು ಮೊದಲು ಹಿಡಿಯುತ್ತದೆ, ತಗ್ಗಿದ ತಲೆ ಆ ಕಣ್ಣನ್ನು ಚೆಲ್ಲಿದ ಬಟ್ಟಲುಗಳತ್ತ ಎಳೆದೊಯ್ಯುತ್ತದೆ, ನಿಂತ ಎರಡು ಬಟ್ಟಲುಗಳು ಕೊನೆಗೆ ಗಮನಕ್ಕೆ ಬರುತ್ತವೆ. ದುಃಖದಲ್ಲಿರುವವರಿಗೂ ಉಳಿದದ್ದು ಕಾಣುವುದು ಹೀಗೆ ತಡವಾಗಿಯೇ. ಇದು ನಷ್ಟದ ಕಾರ್ಡು ಹೌದು, ಆದರೆ ಮೂರು ಹೋದರೂ ಎರಡು ಉಳಿದಿವೆ ಎಂದು ವೇಟ್ ಅವರೇ ಬರೆದಿದ್ದಾರೆ. ನಿರೀಕ್ಷೆಗಿಂತ ಕಡಿಮೆ ಸಿಕ್ಕ ಪಿತ್ರಾರ್ಜಿತ ಆಸ್ತಿ ಎಂಬ ಅರ್ಥವನ್ನೂ ಅವರು ಇದಕ್ಕೆ ಹೇಳಿದ್ದಾರೆ. ನಮ್ಮ ತುಮಕೂರು ಜಿಲ್ಲೆಯಲ್ಲಿ ತೋಟ ಭಾಗವಾದ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಣ್ಣನ ಪಾಲಿಗೆ ಹೋದ ತೆಂಗಿನ ಸಾಲನ್ನೇ ನೋಡುತ್ತ, ತನ್ನ ಪಾಲಿನ ಗಿಡಗಳ ಬುಡಕ್ಕೆ ನೀರು ಹಾಯಿಸುವುದನ್ನೂ ಬಿಟ್ಟ ತಮ್ಮಂದಿರು ಯಾವ ಊರಿನಲ್ಲಿಲ್ಲ?

ಹಾಗೆಂದು, ಇದನ್ನು ‘ಹಿಂದಿರುಗಿ ನೋಡು, ಎಲ್ಲ ಸರಿಹೋಗುತ್ತದೆ’ ಎಂಬ ಉಪದೇಶವಾಗಿ ಓದುವುದೂ ನನಗೆ ಒಪ್ಪಿಗೆಯಿಲ್ಲ. ಈಚೆಗೆ ಅಂಥ ಓದೇ ಹೆಚ್ಚಾಗಿದೆ. ಚಿತ್ರದಲ್ಲಿ ಆ ವ್ಯಕ್ತಿ ತಿರುಗಿಲ್ಲ, ಸೇತುವೆಯತ್ತ ಹೆಜ್ಜೆಯನ್ನೂ ಇಟ್ಟಿಲ್ಲ. ಚೆಲ್ಲಿಹೋದ ಮೂರು ಬಟ್ಟಲುಗಳು ನಿಜವಾಗಿಯೂ ಚೆಲ್ಲಿವೆ, ಅವುಗಳ ಮುಂದೆ ನಿಲ್ಲುವ ಹಕ್ಕು ಅವನಿಗಿದೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ತಂದು, ಬಡಿಸಿ, ಒಂದು ತುತ್ತಾದರೂ ತಿನ್ನಲೆಂದು ಪಕ್ಕದಲ್ಲಿ ಕೂರುತ್ತಾರೆ. ಅಳು ನಿಲ್ಲಿಸೆಂದು ಅವರು ಹೇಳುವುದಿಲ್ಲ. (ಹೇಳುವವರೂ ಇದ್ದಾರೆ, ಅವರು ಎದ್ದುಹೋದರೆ ಸಾಕೆನಿಸುತ್ತದೆ.) ಆ ಎರಡು ಬಟ್ಟಲುಗಳೂ ಹಾಗೆಯೇ, ಅವನನ್ನು ಕರೆಯದೆ, ಅವಸರಪಡಿಸದೆ ಅಲ್ಲಿವೆ.

ಇಂಥ ಅಂಕಣಗಳ ಓದುಗರಲ್ಲಿ ಏನನ್ನಾದರೂ ಕಳೆದುಕೊಂಡವರು ಬಹಳ ಮಂದಿ ಇರುತ್ತಾರೆ. ಕೊರೆಸಿದ ಬೋರ್‌ವೆಲ್ಲಿನಲ್ಲಿ ನೀರು ಬಾರದೆ ಸಾಲ ಹೊತ್ತ ರೈತರೊಬ್ಬರಿಗೆ ಮೂರು ಮಗುಚಿದ ಬಟ್ಟಲುಗಳನ್ನಷ್ಟೇ ತೋರಿಸಿ, ಇನ್ನೂ ನಷ್ಟ ಕಾದಿದೆ, ಪರಿಹಾರ ಮಾಡಿಸಿ ಎನ್ನುವುದು ಅವರ ಜೇಬಿಗೂ ಮನಸ್ಸಿಗೂ ಭಾರ. ಅಂಕಣವನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಕಾರ್ಡುಗಳನ್ನು ಅಂಚು ಕತ್ತರಿಸದೆ ಮುದ್ರಿಸಬೇಕು, ಛಾಯಾಚಿತ್ರಗಳಿಗೆ ಕೊಡುವಂತೆ ಕೆಳಗೆ ಕಲಾವಿದೆಯ ಹೆಸರನ್ನೂ ಕೊಡಬೇಕು, ಪರಿಹಾರದ ಸಲಹೆಗಳನ್ನು ಕೈಬಿಡಬೇಕು ಎಂದು ಕೋರುತ್ತೇನೆ. ‘ಐದು ಬಟ್ಟಲು’ ಚಿತ್ರವನ್ನು ಮುಂದಿನ ಭಾನುವಾರ ಮತ್ತೊಮ್ಮೆ, ಪೂರ್ತಿಯಾಗಿ ಪ್ರಕಟಿಸಿದರೆ ಉಪಕಾರವಾದೀತು.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಕ್ಯಾತ್ಸಂದ್ರ, ತುಮಕೂರು