ಆ ಒಂದು ಪದದ ಬಗ್ಗೆ

ಡೊಂಬಿವಲಿ

ಚಿ. ಶ್ರುತಿಗೆ ಅತ್ತೆಯ ಆಶೀರ್ವಾದಗಳು.

ಉಳಿದ ವಿಷಯ ಆಮೇಲೆ. ಆಫೀಸಿನ ಅಪ್ರೈಸಲ್‌ನಲ್ಲಿ ನಿನ್ನನ್ನು 'ಡಿಫಿಡೆಂಟ್' ಅಂತ ಬರೆದಿದ್ದಾರೆ, 'ಇನ್ನು ಇದೇ ನನ್ನ ಹಣೆಬರಹನಾ ಅತ್ತೆ?' ಅಂತ ಕೇಳಿದ್ದೀಯಲ್ಲ, ಅದನ್ನು ಓದಿ ನಿದ್ದೆ ಬರಲಿಲ್ಲ.

ಇಂಡಿಫರೆಂಟ್ ಅಂದರೆ ಅಸಡ್ಡೆ. ಡಿಫಿಡೆಂಟ್ ಅಂದರೆ ಅದಲ್ಲ. ದಡ್ಡಿ ಅಂತಲೂ ಅಲ್ಲ. ಗೊತ್ತಿದ್ದರೂ ತನ್ನ ಮೇಲೆ ನಂಬಿಕೆ ಸಾಲದೆ ಹಿಂಜರಿಯುವವರಿಗೆ ಹೀಗೆ ಹೇಳುತ್ತಾರೆ. ಲ್ಯಾಟಿನ್‌ನಲ್ಲಿ 'ಫಿಡೆರೆ' ಅಂದರೆ ನಂಬುವುದು. ಅದರ ಮುಂದೆ 'ಡಿಸ್' ಸೇರಿದರೆ ನಂಬದಿರುವುದು. ಕಾನ್ಫಿಡೆಂಟ್ ಕೂಡ ಅದೇ ಮನೆತನದ್ದು. ಮುಂಬೈ ಫೋರ್ಟ್‌ನ ವಕೀಲರ ಆಫೀಸಿನಲ್ಲಿ ನಾನು ವರ್ಷಗಟ್ಟಲೆ ಟೈಪ್ ಮಾಡಿದ ಅಫಿಡವಿಟ್ಟೂ ಅಷ್ಟೇ. ಸ್ಟಾಂಪ್ ಪೇಪರು, ಕಾರ್ಬನ್ನು, ಪುಟ ಪುಟಕ್ಕೂ ಸಹಿ. ಒಬ್ಬರ ಮಾತನ್ನು ಇನ್ನೊಬ್ಬರು ನಂಬೋಕೆ ಅಷ್ಟೆಲ್ಲ ಬೇಕಿತ್ತು.

ಹಿಂದೆ ಆ ಪದಕ್ಕೆ ಬೇರೆಯವರನ್ನು ನಂಬದಿರುವುದು ಅಂತಲೇ ಅರ್ಥ ಇತ್ತು. 1651ರ 'ಲೆವಿಯಾಥನ್' ಪುಸ್ತಕದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಮನುಷ್ಯರ ಜಗಳಕ್ಕೆ ಮೂರು ಕಾರಣ ಕೊಡುತ್ತಾನೆ: ಪೈಪೋಟಿ, ಡಿಫಿಡೆನ್ಸ್, ಕೀರ್ತಿಯ ಆಸೆ. ಅಲ್ಲಿ ಅದು ಎದುರಿನವನ ಮೇಲಿನ ಸಂಶಯ. ಆಮೇಲೆ ಅದು ತನ್ನ ಮೇಲೇ ತಿರುಗಿತು.

ಹಣೆಬರಹ ಅಂದೆಯಲ್ಲ, ಅದೇ ನನ್ನನ್ನು ಕಾಡುತ್ತಿದೆ. ಮಾಟುಂಗಾದಲ್ಲಿ ಒಂದು ಸಲ ರಾಜ್ಯೋತ್ಸವಕ್ಕೆ ನಾಲ್ಕು ಮಾತಾಡಿ ಅಂತ ಕರೆದಿದ್ದರು. ಬರೆದು, ಬಾಯಿಪಾಠ ಮಾಡಿ, ಸೀರೆ ಇಸ್ತ್ರಿ ಮಾಡಿಟ್ಟಿದ್ದೆ. ಕೊನೆಗೆ ಗಂಟಲು ನೋವು ಅಂದುಬಿಟ್ಟೆ. ಮುಂದಿನ ವರ್ಷ ಯಾರೂ ಕರೆಯಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ. ನನ್ನ ಬಗ್ಗೆ ಯಾರೂ ಏನೂ ಬರೆದು ಕೊಟ್ಟಿರಲಿಲ್ಲ ನೋಡು. ಕೊಟ್ಟಿದ್ದರೆ ಹೋಗಿ ಕೇಳಬಹುದಿತ್ತು.

ನೀನು ಕೇಳಬಹುದು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಡಿಫಿಡೆಂಟ್ ಅಬೌಟ್' ಅಂತ ಮುಂದುವರಿಸಿ, ಯಾವುದರ ಬಗ್ಗೆ ಅಂತ ಹೇಳುತ್ತಾರೆ. ನಿನ್ನ ಮ್ಯಾನೇಜರ್ ಅದನ್ನು ಬರೆದಿಲ್ಲ. ಕ್ಲೈಂಟ್ ಜೊತೆ ಮಾತಾಡೋದಾ, ಮೀಟಿಂಗಾ? ಕೇಳಿಬಿಡು. ಪುಣೆಯ ಹಿಂಜೆವಾಡಿ ಆಫೀಸುಗಳಲ್ಲಿ ಹೀಗೆ ಕೇಳೋದು ನಡೆಯುತ್ತೋ ಇಲ್ವೋ, ನನಗೇನು ಗೊತ್ತು. ಸರಿ ಅನ್ನಿಸದಿದ್ದರೆ ಬಿಡು. 'ತಪ್ಪಿರಬಹುದು, ಆದರೂ' ಅಂತ ಮಾತು ಶುರು ಮಾಡೋದನ್ನು ಮಾತ್ರ ನಿಲ್ಲಿಸು. ಚಿಕ್ಕವಳಿದ್ದಾಗ ಲೆಕ್ಕ ತೋರಿಸುವಾಗಲೂ ಹಾಗೇ ಅನ್ನುತ್ತಿದ್ದೆ. ಲೆಕ್ಕ ಸರಿಯೇ ಇರುತ್ತಿತ್ತು.

ಕೇಳಿದ ದಿನವೇ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ
ಅತ್ತೆ