ಹಳದಿಗೆ ಬೇರೆ ಬ್ರಷ್ ಇಟ್ಟುಕೋ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಕ್ಯಾನ್ವಾಸಿನ ಫೋಟೊ ನೋಡಿದೆ. ಕೈಯಲ್ಲಿ ಧೈರ್ಯ ಇದೆ, ಸಂತೋಷ. ಆದರೆ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು ನಡುಭಾಗ ಕೆಸರಾಗಿದೆ. 'ಅಬ್‌ಸ್ಟ್ರ್ಯಾಕ್ಟ್ ಅಲ್ವಾ ಮಾವ, ಮನಸ್ಸಿಗೆ ಬಂದ ಹಾಗೆ ಬಳಿದೆ' ಅಂತ ಬರೆದಿದ್ದೀಯ. ಅಲ್ಲೇ ನನ್ನ ತಕರಾರು.

ವಸ್ತುಗಳನ್ನು ಇದ್ದ ಹಾಗೆ ತೋರಿಸದ ಈ ಅಬ್‌ಸ್ಟ್ರ್ಯಾಕ್ಟ್ ಚಿತ್ರಕಲೆಯ ಮೊದಲಿಗರಲ್ಲೊಬ್ಬ, ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿಯನ್ನೇ ತಗೋ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ಸಂಯೋಜಕ ಷೋನ್‌ಬರ್ಗ್‌ನ ಸಂಗೀತ ಕೇಳಿ ಬಂದವನು ಮೊದಲು ಚಾರ್ಕೋಲ್ ಹಿಡಿದ. ಪಿಯಾನೊ, ಸುತ್ತ ಕೂತ ಜನ, ಎಲ್ಲ ಆ ಸ್ಕೆಚ್‌ಗಳಲ್ಲಿದೆ. 'ಇಂಪ್ರೆಷನ್ 3' ಅನ್ನೋ ಆಯಿಲ್ ಚಿತ್ರಕ್ಕೆ ಬರುವಾಗ ಪಿಯಾನೊ ಬರೀ ದೊಡ್ಡ ಕಪ್ಪು ಆಕಾರ. ಜನ ಎಡಗಡೆ ಬಾಗಿದ ಗೆರೆಗಳು, ಬಣ್ಣದ ತುಣುಕುಗಳು. ಬಲಗಡೆಯೆಲ್ಲ ಹಳದಿಯೇ ಹಳದಿ. ಆ ಕಪ್ಪು ಇಲ್ಲದಿದ್ದರೆ ಹಳದಿ ಅಷ್ಟು ಉರಿಯುತ್ತಿರಲಿಲ್ಲ. ಏನನ್ನು ಬಿಡಬೇಕು ಅನ್ನೋದು ಸ್ಕೆಚ್ ಮಾಡುವಾಗಲೇ ಅವನಿಗೆ ಹೊಳೆದಿರಬೇಕು ಅಂತ ನನಗನ್ನಿಸುತ್ತದೆ.

1913ರ 'ಕಾಂಪೊಸಿಷನ್ 7' ಇನ್ನೂ ದೊಡ್ಡದು, 2 ಮೀಟರ್ ಎತ್ತರ, 3 ಮೀಟರ್ ಅಗಲ. ಬಣ್ಣ ಗೆರೆಗೆ ಕಾಯುವುದೇ ಇಲ್ಲ, ದಾಟಿ ಹರಿದುಬಿಡುತ್ತದೆ. ಒಂದು ಕಡೆ ಜಲವರ್ಣದ ಹಾಗೆ ತೆಳು, ಇನ್ನೊಂದು ಕಡೆ ಗಟ್ಟಿ. ಒಂದೇ ಉಸಿರಿಗೆ ಮಾಡಿದಂತಿದೆ, ಅಲ್ವಾ? ಕ್ಯಾನ್ವಾಸ್ ಮೇಲಿನ ಕೆಲಸ ನಾಲ್ಕೇ ದಿನ, ನಿಜ. ಅದಕ್ಕೆ ಮುಂಚೆ 30ಕ್ಕೂ ಜಾಸ್ತಿ ಸ್ಕೆಚ್, ಜಲವರ್ಣ, ಆಯಿಲ್ ಅಭ್ಯಾಸಚಿತ್ರ ಮಾಡಿದ್ದ. ಆ ನಾಲ್ಕು ದಿನ ಚಿತ್ರ ಬೆಳೆದದ್ದನ್ನು ಅವನ ಸಂಗಾತಿ ಗೇಬ್ರಿಯೆಲ್ ಮುಂಟರ್ ಫೋಟೊ ತೆಗೆದಿಟ್ಟಳು. (ಅವಳೂ ದೊಡ್ಡ ಚಿತ್ರಕಾರ್ತಿ. ನಾಜಿಗಳ ಕಾಲದಲ್ಲಿ ಇವನ ಚಿತ್ರಗಳನ್ನು ಜರ್ಮನಿಯ ಮುರ್ನೌ ಊರಿನ ತನ್ನ ಮನೆಯಲ್ಲಿ ಬಚ್ಚಿಟ್ಟು ಉಳಿಸಿದವಳೂ ಅವಳೇ. ಅವಳ ಚಿತ್ರಗಳನ್ನೂ ಹುಡುಕಿ ನೋಡು.)

ಹಾಗಾಗಿ ಮುಂದಿನ ಸಲ ಸುಮ್ನೆ ಟ್ಯೂಬ್ ಹಿಂಡಬೇಡ. ನೀನು ಕಂಡದ್ದು, ಕೇಳಿದ್ದು ಏನಾದರೊಂದು ಇರಲಿ. ಅದನ್ನು ಕಾಗದದ ಮೇಲೆ ನಾಲ್ಕಾರು ಸಲ ತಿದ್ದು. ಒಂದು ಬಣ್ಣ ಹಾಡಲಿ, ಉಳಿದವು ತಂಬೂರಿಯ ಹಾಗೆ ಹಿಂದೆ ನಿಲ್ಲಲಿ. ಟರ್ಪೆಂಟೈನ್ ಬೆರೆಸಿ ತೆಳುವಾಗಿ ಶುರುಮಾಡು, ಕಿಟಕಿ ಮಾತ್ರ ತೆಗೆದಿರಲಿ. ಗಟ್ಟಿ ಬಣ್ಣ ಕೊನೆಗೆ. ಹಳದಿಗೆ ಬೇರೆ ಬ್ರಷ್ಷೇ ಇಟ್ಟುಕೋ, ಚೂರು ಕಪ್ಪು ತಗುಲಿದರೂ ಪಾಚಿ ಬಣ್ಣಕ್ಕೆ ತಿರುಗುತ್ತದೆ.

ಈ ಚಿತ್ರವನ್ನು ಎಸೆಯಬೇಡ. ನಡುಭಾಗವನ್ನು ಒಣಗುವ ಮುಂಚೆ ಪ್ಯಾಲೆಟ್ ನೈಫಿನಿಂದ ಕೆರೆದು, ಬಟ್ಟೆಯಿಂದ ಒರೆಸು. ಎಡಗಡೆ ಮೂಲೆಯ ನೀಲಿ ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಕೆರೆದ ಮೇಲೆ ಇನ್ನೊಂದು ಫೋಟೊ ಕಳಿಸು.

ನಿನ್ನ ಮಾವ