ಉಲ್ಟಾ ಅಕ್ಷರ ಓದಿದವರಿಗೆ ಥ್ಯಾಂಕ್ಸ್

ಅಂತೂ ಆರ್ಟ್ ಶೋ ಮುಗೀತು, ನಾನೊಬ್ಬಳದೇ ವರ್ಕ್ ಇಟ್ಟ ನನ್ನ ಮೊದಲ ಸೋಲೋ. ಹದಿನಾಲ್ಕು ವರ್ಕ್ ಗೋಡೆಯಿಂದ ಇಳಿಸಿ ಬಬಲ್ ರ್ಯಾಪ್ ಸುತ್ತಿ ಈಗಷ್ಟೇ ಕೂತೆ. ಸೊಂಟ ಬಿದ್ದುಹೋಗಿದೆ, ಆದ್ರೂ ಇವತ್ತು ಬರೀದಿದ್ರೆ ಆಮೇಲೆ ಬರೆಯಲ್ಲ ಅಂತ ಗೊತ್ತು.

ಮೊದಲು ಅಮ್ಮಂಗೆ. ನಾನು ದೇಶ ಬಿಟ್ಟ ಹೊಸದರಲ್ಲಿ ಅಮ್ಮ ಬರೆದ ಕಾಗದಗಳೇ ಈ ಶೋನ ಬಂಡವಾಳ. ಅವನ್ನ ಆರ್ಟ್ ವರ್ಕಲ್ಲಿ ಹಾಕ್ತೀನಿ ಅಂದಾಗ ಫೋನಲ್ಲಿ ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಕೋ, ಆದ್ರೆ ಬೈದಿರೋದು ಬಿಟ್ಟು ಹಾಕು" ಅಂದ್ಲು. ಒರಿಜಿನಲ್ ಕತ್ತರಿಸೋಕೆ ಕೈ ಬರಲಿಲ್ಲ, ಅದಕ್ಕೇ ಟ್ರಾನ್ಸ್‌ಫರ್ ಮಾಡಿದ್ದು. ಲೇಸರ್ ಪ್ರಿಂಟನ್ನ ಜೆಲ್ ಮೀಡಿಯಂ, ಅಂದ್ರೆ ಪೇಂಟಿಂಗಿಗೆ ಬಳಸೋ ಅಂಟಿನಂಥ ಪೇಸ್ಟ್, ಅದರ ಮೇಲೆ ಬೋರಲು ಹಾಕಿ, ಒಣಗಿದ ಮೇಲೆ ಹಿಂದುಗಡೆ ನೀರು ಹಚ್ಚಿ ಬೆರಳಲ್ಲಿ ಉಜ್ಜಿ ಉಜ್ಜಿ ಪೇಪರ್ ತೆಗೀಬೇಕು, ಇಂಕು ಮಾತ್ರ ಉಳಿಯುತ್ತೆ. ಜೋರಾಗಿ ಉಜ್ಜಿದ್ರೆ ಅದೂ ಹೋಯ್ತು! ನನ್ ಜೊತೆ ರಾತ್ರಿಯೆಲ್ಲಾ ಕೂತು ಉಜ್ಜಿದ ಸ್ಟುಡಿಯೋ ಗೆಳತಿಗೆ ಏನು ಕೊಟ್ರೂ ಕಮ್ಮಿನೇ. ಮೊದಲು ಒಪ್ಕೊಂಡು ಆಮೇಲೆ ಫೋನೇ ಎತ್ತದ ಇನ್ನೊಂದು ಗ್ಯಾಲರಿಯವರಿಗೂ ಒಂದು ನಮಸ್ಕಾರ, ನೀವು ಕೈಕೊಟ್ಟಿದ್ರಿಂದ ಆರು ತಿಂಗಳು ಜಾಸ್ತಿ ಸಿಕ್ತು.

ಈ ದಾರಿ ತೋರ್ಸಿದವರಿಗೆ ನಾನ್ಯಾರು ಅಂತಾನೂ ಗೊತ್ತಿಲ್ಲ. ನೈಜೀರಿಯಾದಲ್ಲಿ ಹುಟ್ಟಿ 1999ರಲ್ಲಿ ಅಮೆರಿಕಾಗೆ ಹೋದ ಕಲಾವಿದೆ ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಮನೆ ಫೋಟೋ, ಮ್ಯಾಗಜೀನ್ ಫೋಟೋ ಎಲ್ಲಾ ಟ್ರಾನ್ಸ್‌ಫರ್ ಮಾಡ್ತಾರೆ, ದೂರದಿಂದ ಬರೀ ಡಿಸೈನು, ಹತ್ರ ಹೋದ್ರೆ ಮುಖಗಳು. ಅಲಿಘರ್‌ನಲ್ಲಿ ಹುಟ್ಟಿ ಊರೂರು ಅಲೆದ ಕಲಾವಿದೆ ಜರೀನಾ ಅಂತೂ ಅಕ್ಕ ಬರೆದು ಪೋಸ್ಟ್ ಮಾಡದೇ ಇಟ್ಟಿದ್ದ ಉರ್ದು ಕಾಗದಗಳ ಮೇಲೆ ಮನೆಯ ನಕ್ಷೆ ಎಲ್ಲಾ ಅಚ್ಚು ಹಾಕಿ 2004ರಲ್ಲಿ ಎಂಟು ಪ್ರಿಂಟ್ ಮಾಡಿದ್ರು. ನಂಗೆ ಉರ್ದು ಬರಲ್ಲ, ಆದ್ರೂ ಅದರ ಮುಂದೆ ಗಂಟಲು ಕಟ್ಟುತ್ತೆ.

ಈಗ ತಪ್ಪೊಪ್ಪಿಗೆ. ಟ್ರಾನ್ಸ್‌ಫರಲ್ಲಿ ಎಲ್ಲಾ ಕನ್ನಡಿ ತರ ಉಲ್ಟಾ ಬರುತ್ತೆ, ಪ್ರಿಂಟ್ ಕೊಡುವಾಗಲೇ ತಿರುಗಿಸ್ಬೇಕು. ಫೋಟೋ ಆದ್ರೆ ಯಾರಿಗೂ ಗೊತ್ತಾಗಲ್ಲ, ಅಕ್ಷರಕ್ಕೆ ಹಾಗಲ್ಲ. ಒಂದರಲ್ಲಿ ಮರೆತೆ. ಶೋಗೆ ಎರಡೇ ದಿನ ಇತ್ತು, ಇಲ್ಲಿ ಕನ್ನಡ ಓದೋರು ಯಾರಿದಾರೆ ಬಿಡು ಅಂತ ಹಾಗೇ ತೂಗುಹಾಕ್ದೆ. ಬಂದವರೆಲ್ಲಾ ಅದನ್ನೇ ಹೊಗಳಿದ್ರು, ಪ್ಯಾಟರ್ನ್ ಚೆನ್ನಾಗಿದೆ ಅಂತ. ಅಮ್ಮನ ಕೈಬರಹ ಪ್ಯಾಟರ್ನ್ ಆಗೋಯ್ತಲ್ಲ ಅನ್ಸಿ ಒಳಗೆ ಚುಚ್ತು, ತಪ್ಪು ನಂದೇ ಆದ್ರೂ.

ಎರಡನೇ ವಾರ ಒಬ್ರು ಬಂದ್ರು, ವಯಸ್ಸಾದವರು, ತುಂಬಾ ಹೊತ್ತು ಅದರ ಮುಂದೇನೇ ನಿಂತಿದ್ರು. ಆಮೇಲೆ ಬ್ಯಾಗಿಂದ ಪುಟ್ಟ ಕನ್ನಡಿ ತೆಗೆದು ಹಿಡಿದು ಜೋರಾಗೇ ಓದಿದ್ರು, "ಎರಡು ತಿಂಗಳಾಯ್ತು, ಎರಡು ಸಾಲು ಬರೆಯೋಕೆ ನಿನಗೇನು ಧಾಡಿ?" ಓದಿ ನಕ್ಕರು, ನಗ್ತಾ ನಗ್ತಾ ಕಣ್ಣು ಒರೆಸ್ಕೊಂಡ್ರು, ನಂಗೂ ತಡೆಯಕ್ಕಾಗ್ಲಿಲ್ಲ. ನಿಮ್ಮ ಹೆಸರು ಕೇಳೋದೂ ಮರೆತೆ. ತುಂಬಾ ತುಂಬಾ ಥ್ಯಾಂಕ್ಸ್ ಮೇಡಂ.

ಅಮ್ಮಾ, ಬೈದಿರೋದು ಮೂರು ವಾರ ಗೋಡೆ ಮೇಲಿತ್ತು. ಸಾರಿ.